ಎಸ್‌ಐಪಿಯನ್ನು ಯಾವ ಖರ್ಚಿಗೆ ಹಾಕಲಿ?

"ಮೇಡಂ, ಪ್ರತಿ ತಿಂಗಳು ಐದು ಸಾವಿರ ಎಸ್‌ಐಪಿಗೆ ಹೋಗುತ್ತೆ. ಲೆಕ್ಕದ ಆ್ಯಪ್‌ನಲ್ಲಿ ಅದನ್ನ ಯಾವ ಖರ್ಚಿಗೆ ಹಾಕಲಿ? ಸದ್ಯಕ್ಕೆ 'ಇತರೆ'ಗೆ ಹಾಕಿದ್ದೀನಿ."

ಯಾವ ಖರ್ಚಿಗೂ ಬೇಡ. ಎಸ್‌ಐಪಿ ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ಕಂತು, ಅದು ಖರ್ಚಲ್ಲ. ಬ್ಯಾಂಕ್ ಖಾತೆಯಿಂದ ಫಂಡ್ ಖಾತೆಗೆ ವರ್ಗಾವಣೆ ಅಂತ ಬರೆಯಿರಿ, ಮುಗಿಯಿತು.

ಮುಗಿಯಿತು ಅಂದೆ, ಮುಗಿಯುವುದಿಲ್ಲ ಅಂತ ಗೊತ್ತು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೆಲವರು 'ಇತರೆ'ಗೆ ಹಾಕುತ್ತಾರೆ, ಕೆಲವರು 'ಬಿಲ್ಲುಗಳು' ಅನ್ನುತ್ತಾರೆ, ಒಬ್ಬರಂತೂ 'ವಿಮೆ'ಗೆ ಸೇರಿಸಿದ್ದರು. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಅಕೌಂಟಿಂದ ದುಡ್ಡು ಹೋಯ್ತಲ್ಲ, ಹೋದದ್ದು ಖರ್ಚಲ್ವಾ?"

ಅಲ್ಲ. ಅಕ್ಕಿಯನ್ನು ಮೂಟೆಯಿಂದ ಡಬ್ಬಿಗೆ ಸುರಿದುಕೊಂಡರೆ ಅಕ್ಕಿ ಖರ್ಚಾಯ್ತು ಅಂತೀರಾ? ಅನ್ನ ಮಾಡಿ ಉಂಡಾಗ ಖರ್ಚು. ಅಲ್ಲಿವರೆಗೆ ಅದು ಮನೆಯಲ್ಲೇ ಇದೆ.

ಈ ತಪ್ಪು ನಿಮ್ಮದಲ್ಲ, ಪೂರ್ತಿ ನಿಮ್ಮದಲ್ಲ ಅನ್ನೋಣ. ನಾವು ಬಳಸುವ ಎಷ್ಟೋ ಆ್ಯಪ್‌ಗಳು ಬ್ಯಾಂಕಿನ ಎಸ್ಸೆಮ್ಮೆಸ್ ಓದಿ ಲೆಕ್ಕ ಹಾಕುತ್ತವೆ. 'ಡೆಬಿಟ್' ಅನ್ನೋ ಪದ ಕಂಡರೆ ಸಾಕು, ಕೆಂಪು ಬಣ್ಣ. ಎಟಿಎಂನಿಂದ ತೆಗೆದದ್ದೂ ಖರ್ಚು, ಆ ನೋಟು ಇನ್ನೂ ಪರ್ಸಿನಲ್ಲೇ ಇದ್ದರೂ. ಕ್ರೆಡಿಟ್ ಕಾರ್ಡಿನಲ್ಲಿ ಸೀರೆ ತಗೊಂಡದ್ದು ಒಂದು ಖರ್ಚು, ಮುಂದಿನ ತಿಂಗಳು ಆ ಕಾರ್ಡಿನ ಬಿಲ್ ಕಟ್ಟಿದ್ದು ಮತ್ತೊಂದು ಖರ್ಚು. ಒಂದೇ ಸೀರೆಗೆ ಎರಡು ಸಲ! ಎಸ್ಸೆಮ್ಮೆಸ್‌ಗೆ ನಿಮ್ಮ ದುಡ್ಡು ಎಲ್ಲಿಂದ ಹೊರಟಿತು ಅಂತ ಗೊತ್ತು, ಎಲ್ಲಿಗೆ ಸೇರಿತು ಅಂತ ಗೊತ್ತಿಲ್ಲ. ಅದನ್ನು ಹೇಳಬೇಕಾದವರು ನೀವು.

"ಹೆಸರಲ್ಲೇನಿದೆ ಬಿಡಿ, ಏನಂತ ಬರೆದರೇನು" ಅಂತ ಕೇಳುವವರಿಗೆ ಒಂದು ಲೆಕ್ಕ. ಸಂಬಳ 60,000. ಬಾಡಿಗೆ, ದಿನಸಿ, ಪೆಟ್ರೋಲ್, ಮಕ್ಕಳ ಸ್ಕೂಲು ಎಲ್ಲ ಸೇರಿ 40,000. ಎಸ್‌ಐಪಿ 5,000. ಆ್ಯಪ್ ಹೇಳೋದು: ಖರ್ಚು 45,000, ಉಳಿಕೆ 15,000. ಮುಂದಿನ ವರ್ಷ ಸಂಬಳ ಜಾಸ್ತಿಯಾಗಿ ನೀವು ಎಸ್‌ಐಪಿಯನ್ನು ಹತ್ತು ಸಾವಿರಕ್ಕೆ ಏರಿಸುತ್ತೀರಿ. ಒಳ್ಳೇ ಕೆಲಸ. ಆ್ಯಪ್ ಏನನ್ನುತ್ತೆ? "ನಿಮ್ಮ ಖರ್ಚು ಏರಿದೆ, ಎಚ್ಚರ." ಜಾಸ್ತಿ ಉಳಿಸಿದ್ದಕ್ಕೆ ಬೈಸಿಕೊಂಡ ಹಾಗಾಯ್ತು.

ಅದಕ್ಕಿಂತ ದೊಡ್ಡ ಎಡವಟ್ಟು ದುಡ್ಡು ವಾಪಸ್ ತೆಗೆಯುವಾಗ. ಮೂರು ವರ್ಷ ತಿಂಗಳಿಗೆ ಐದು ಸಾವಿರದಂತೆ 1,80,000 ಹಾಕಿದಿರಿ, ಅದು 2,00,000 ಆಯಿತು ಅಂತಿಟ್ಟುಕೊಳ್ಳಿ. ಮಗಳ ಕಾಲೇಜು ಫೀಸಿಗೆ ಪೂರ್ತಿ ತೆಗೆದಿರಿ. ಬ್ಯಾಂಕಿಗೆ ಎರಡು ಲಕ್ಷ ಬಂತು, ಎಸ್ಸೆಮ್ಮೆಸ್‌ನಲ್ಲಿ 'ಕ್ರೆಡಿಟ್' ಅಂತಿದೆ, ಆ್ಯಪ್ ಅದನ್ನು ಆದಾಯಕ್ಕೆ ಸೇರಿಸಿತು. ಮಾರನೇ ದಿನ ಫೀಸು ಕಟ್ಟಿದಿರಿ, ಎರಡು ಲಕ್ಷ ಖರ್ಚು. ಈಗ ಪುಸ್ತಕದಲ್ಲಿ ಏನಿದೆ ನೋಡಿ: ಹಿಂದೆ ಬರೆದ 1,80,000 ಮತ್ತು ಈಗಿನ ಎರಡು ಲಕ್ಷ ಸೇರಿ ಒಟ್ಟು ಖರ್ಚು 3,80,000, ಜೊತೆಗೆ ಎಲ್ಲಿಂದಲೋ ಉದುರಿದ ಎರಡು ಲಕ್ಷ ಆದಾಯ. ನಿಜವಾಗಿ ಆದದ್ದೇನು? ಫೀಸು ಎರಡು ಲಕ್ಷ ಖರ್ಚು, ಲಾಭ ಇಪ್ಪತ್ತು ಸಾವಿರ ಆದಾಯ. ಅಷ್ಟೇ.

ಇನ್ನೂ ಒಂದು. ಕೆಲಸ ಹೋದರೆ ಎಷ್ಟು ತಿಂಗಳು ತಳ್ಳಬಹುದು, ನಿವೃತ್ತಿಗೆ ಎಷ್ಟು ಬೇಕು ಅನ್ನೋ ಲೆಕ್ಕವೆಲ್ಲ ತಿಂಗಳ ಖರ್ಚಿನ ಮೇಲೆ ನಿಂತಿದೆ. ಕೆಲಸ ಹೋದ ತಿಂಗಳು ಎಸ್‌ಐಪಿ ನಿಲ್ಲಿಸಬಹುದು. ಬಾಡಿಗೆ ನಿಲ್ಲಿಸಿ ನೋಡೋಣ! ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟರೆ ಆ ಪಟ್ಟಿಯಿಂದ ಏನು ಉಪಯೋಗ?

ಇಲ್ಲಿಗೆ ಬಂದಾಗ ಕೆಲವರು ಹೊಸ ಬಾಣ ಬಿಡುತ್ತಾರೆ. "ತೆರಿಗೆಯಲ್ಲೇ ಕಳೀತಾರಲ್ಲ, ಹಾಗಾದ್ರೆ ಖರ್ಚೇ ತಾನೆ?" ಇಎಲ್‌ಎಸ್‌ಎಸ್ ಅನ್ನೋ ತೆರಿಗೆ ಉಳಿಸುವ ಫಂಡಿಗೆ ಹಾಕಿದ್ದನ್ನು ಹಳೇ ತೆರಿಗೆ ಪದ್ಧತಿಯಲ್ಲಿ 80ಸಿ ಅಂತ ಒಂದೂವರೆ ಲಕ್ಷದವರೆಗೆ ಕಳೆಯಲು ಬಿಟ್ಟದ್ದು ಸರ್ಕಾರ ಕೊಟ್ಟ ರಿಯಾಯಿತಿ. ಅದಕ್ಕೂ ನಿಮ್ಮ ಮನೆ ಲೆಕ್ಕಕ್ಕೂ ಸಂಬಂಧವಿಲ್ಲ. ಪಿಪಿಎಫ್‌ಗೆ ಕಟ್ಟಿದ್ದಕ್ಕೂ ಅದೇ ರಿಯಾಯಿತಿ ಇದೆ, ಅದನ್ನು ಯಾರೂ ಖರ್ಚು ಅನ್ನುವುದಿಲ್ಲ.

"ಮಾರ್ಕೆಟ್ ಬಿದ್ದರೆ ಹೋಯ್ತಲ್ಲ?" ಇದು ಇನ್ನೊಂದು. 2020ರ ಮಾರ್ಚ್ 23ರಂದು ಷೇರು ಸೂಚ್ಯಂಕ ನಿಫ್ಟಿ ಒಂದೇ ದಿನ ಸುಮಾರು ಶೇ. 13 ಬಿತ್ತು. ಆ ದಿನ ಬೆಲೆ ಬಿತ್ತು ಅಂತ ಯಾರ ಫೋಲಿಯೋದಲ್ಲೂ (ಫಂಡಿನಲ್ಲಿರುವ ಖಾತೆ) ಒಂದು ಯುನಿಟ್ (ಫಂಡಿನ ಪಾಲು) ಕಮ್ಮಿಯಾಗಲಿಲ್ಲ. ಬೆಲೆ ಕಮ್ಮಿಯಾಯಿತು. ಬಿದ್ದ ಬೆಲೆಗೆ ಮಾರಿದರೆ ಆಗ ನಷ್ಟ ಅಂತ ಬರೆಯಬೇಕು. ಮಾರದೇ ಕೂತವರ ಪುಸ್ತಕದಲ್ಲಿ ಬರೆಯೋದಕ್ಕೆ ಏನೂ ಇಲ್ಲ.

ಒಂದು ಮಾತು ಮಾತ್ರ ನಾನು ಒಪ್ಪುತ್ತೇನೆ: "ಖರ್ಚು ಅಂತ ಅಂದುಕೊಂಡರೇ ಕೈ ಬಿಗಿಯಾಗುತ್ತೆ, ಇಲ್ಲಾಂದ್ರೆ ಖಾಲಿ ಮಾಡಿಬಿಡ್ತೀನಿ." ಸರಿ, ಬಜೆಟ್ ಹಾಕುವಾಗ ಹಾಗೇ ಮಾಡಿ. ಸಂಬಳ ಬಂದ ದಿನ ಮೊದಲು ಐದು ಸಾವಿರ ಎತ್ತಿಟ್ಟು, ಮಿಕ್ಕದ್ದರಲ್ಲಿ ಸಂಸಾರ. ಬಜೆಟ್ ಅನ್ನೋದು ಮುಂದಿನ ತಿಂಗಳ ಯೋಚನೆ. ಲೆಕ್ಕದ ಪುಸ್ತಕ ಹಿಂದಿನ ತಿಂಗಳು ಆದದ್ದರ ವರದಿ. ಮೊದಲನೆಯದರಲ್ಲಿ ಮನಸ್ಸಿಗೆ ಸುಳ್ಳು ಹೇಳಿಕೊಳ್ಳಬಹುದು, ಎರಡನೆಯದರಲ್ಲಿ ಬೇಡ.

ಈಗ ಬರೆಯೋದು ಹೇಗೆ. ನಾನು ಹೇಳಿಕೊಡೋದು ಗ್ನುಕ್ಯಾಶ್‌ನಲ್ಲಿ, ಯಾಕೆಂದರೆ ಅದು ಉಚಿತ, ಮತ್ತು ದುಡ್ಡು ಎಲ್ಲಿಂದ ಎಲ್ಲಿಗೆ ಅಂತ ಎರಡೂ ಕಡೆ ಹೇಳದಿದ್ದರೆ ಲೆಕ್ಕ ತಾಳೆಯಾಗಿಲ್ಲ ಅಂತ ತೋರಿಸುವ ತಂತ್ರಾಂಶ. ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಇದು ಹಳೇ ನೆಂಟ. ಆಸ್ತಿಯ ಕೆಳಗೆ ಒಂದೊಂದು ಫಂಡಿಗೂ ಮ್ಯೂಚುವಲ್ ಫಂಡ್ ಮಾದರಿಯ ಒಂದೊಂದು ಖಾತೆ ತೆರೆಯಿರಿ. ಅದಕ್ಕೆ ಮುಂಚೆ ಸೆಕ್ಯುರಿಟಿ ಪಟ್ಟಿಯಲ್ಲಿ ಆ ಫಂಡಿನ ಹೆಸರು ಸೇರಿಸಬೇಕು. ಯುನಿಟ್ ಎಷ್ಟು ಸಣ್ಣ ಭಾಗದವರೆಗೆ ಅನ್ನೋ ಕಡೆ ಸಾವಿರದಲ್ಲಿ ಒಂದು ಅಂತ ಇರಲಿ, ನಮ್ಮ ಫಂಡ್‌ಗಳು ಯುನಿಟ್ ಕೊಡೋದು ಮೂರು ದಶಾಂಶಕ್ಕೆ.

5ನೇ ತಾರೀಕು ಬ್ಯಾಂಕಿಂದ 5,000 ಹೋಯಿತು. ಯುನಿಟ್ ಬಂದದ್ದು 6ಕ್ಕೋ 7ಕ್ಕೋ, ಯಾಕೆಂದರೆ 2021ರ ಫೆಬ್ರವರಿಯಿಂದ ದುಡ್ಡು ಫಂಡಿನ ಕೈ ಸೇರಿದ ದಿನದ ಎನ್‌ಎವಿಯೇ (ಒಂದು ಯುನಿಟ್ಟಿನ ಬೆಲೆ) ಸಿಗೋದು. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ 4,999.75ಕ್ಕೆ ಯುನಿಟ್, 0.25 ಸ್ಟಾಂಪ್ ಡ್ಯೂಟಿ. ಎನ್‌ಎವಿ 82.4150 ಇತ್ತು ಅಂದುಕೊಂಡರೆ 60.666 ಯುನಿಟ್. ಗ್ನುಕ್ಯಾಶ್‌ನಲ್ಲಿ ಯುನಿಟ್ ಮತ್ತು ಮೊತ್ತ ಎರಡನ್ನು ಸ್ಟೇಟ್‌ಮೆಂಟ್ ನೋಡಿ ಹೊಡೆಯಿರಿ, ಬೆಲೆಯನ್ನು ಅದೇ ಲೆಕ್ಕ ಹಾಕಿಕೊಳ್ಳಲಿ. ತಾರೀಕು ಯುನಿಟ್ ಬಂದ ದಿನದ್ದಿರಲಿ, ನಾಳೆ ತೆರಿಗೆಗೆ ಬೇಕಾಗೋದು ಅದೇ. 25 ಪೈಸೆಯನ್ನು ಖರ್ಚಿಗೆ ಹಾಕಿ. ಹೌದು, ಐದು ಸಾವಿರದ ಎಸ್‌ಐಪಿಯಲ್ಲಿ ನೀವು ಖರ್ಚು ಅಂತ ಬರೆಯಬೇಕಾದದ್ದು 25 ಪೈಸೆ! 2020ರ ಜುಲೈಯಿಂದ ಬಂದ ಶೇ. 0.005ರ ಸ್ಟಾಂಪ್ ಡ್ಯೂಟಿ ಅದು. ಫಂಡಿನವರ ಫೀಸು ಎನ್‌ಎವಿಯ ಒಳಗೇ ಕಳೆದು ಬಂದಿರುತ್ತೆ, ಮತ್ತೆ ಬರೆಯಬೇಡಿ. ಖಾತೆಯಲ್ಲಿ ದುಡ್ಡಿಲ್ಲದೆ ಎಸ್‌ಐಪಿ ಬೌನ್ಸ್ ಆಗಿ ಬ್ಯಾಂಕು ದಂಡ ಹಾಕಿದರೆ ಅದು ಅಪ್ಪಟ ಖರ್ಚು, ಅದನ್ನು ಬರೆಯಿರಿ.

ಸ್ಟೇಟ್‌ಮೆಂಟಿಗಾಗಿ ಒಂದೊಂದೇ ಫಂಡಿನ ಬಾಗಿಲು ತಟ್ಟಬೇಕಿಲ್ಲ. ಫಂಡ್‌ಗಳ ಪರವಾಗಿ ಲೆಕ್ಕ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಜಾಲತಾಣದಲ್ಲಿ ಇಮೇಲ್ ಕೊಟ್ಟು ಕೇಳಿದರೆ ಎಲ್ಲ ಫೋಲಿಯೋ ಸೇರಿಸಿ ಒಂದೇ ಪಿಡಿಎಫ್ ಬರುತ್ತೆ. ಬೆಲೆಗಳನ್ನು ಫಂಡ್ ಕಂಪನಿಗಳ ಸಂಘವಾದ ಆ್ಯಂಫಿ ದಿನಾ ಹೊರಡಿಸುತ್ತದೆ, ಗ್ನುಕ್ಯಾಶ್ ತಾನೇ ತರಿಸಿಕೊಳ್ಳುವ ಹಾಗೆ ಮಾಡಬಹುದು. ತಿಂಗಳಿಗೊಮ್ಮೆ ತರಿಸಿದರೆ ಸಾಕು. ದಿನಾ ರಾತ್ರಿ ನೋಡುವವರ ನಿದ್ದೆ ನನಗೆ ಗೊತ್ತು. ಬೆಲೆ ಏರಿದ್ದನ್ನು ಪ್ರತಿ ತಿಂಗಳು ಆದಾಯ ಅಂತ ಕೈಯಾರೆ ಬರೆಯಬೇಡಿ, ಮಾರಿದ ದಿನ ಅದೇ ಲಾಭ ಎರಡನೇ ಸಲ ಬಂದು ಕೂರುತ್ತೆ.

ಲಾಭದ ಶೇಕಡಾ ನೋಡುವಾಗ ಒಂದು ಎಚ್ಚರ. ತಿಂಗಳಿಗೆ ಹತ್ತು ಸಾವಿರದಂತೆ ವರ್ಷಕ್ಕೆ 1,20,000 ಹಾಕಿ ಕೊನೆಗೆ 1,27,000 ಇದ್ದರೆ ಶೇ. 5.8 ಅಂತ ಮುಖ ಸಣ್ಣ ಮಾಡಬೇಡಿ. ಕೊನೇ ಕಂತು ಒಂದೇ ತಿಂಗಳು ದುಡಿದಿದೆ. ಸ್ಪ್ರೆಡ್‌ಶೀಟಿನಲ್ಲಿ ಎಕ್ಸ್‌ಐಆರ್‌ಆರ್ (ಪ್ರತಿ ಕಂತಿನ ತಾರೀಕು ನೋಡಿ ವರ್ಷದ ಲಾಭ ಹೇಳುವ ಸೂತ್ರ) ಹಾಕಿ ನೋಡಿದರೆ ವರ್ಷಕ್ಕೆ ಸುಮಾರು ಶೇ. 11 ಬರುತ್ತದೆ.

ಇನ್ನು ಯಾರೂ ಕೇಳದೇ ಇರುವ ಪ್ರಶ್ನೆ. ನಿಮ್ಮ ಪಿಎಫ್ ಎಲ್ಲಿದೆ? ಎಸ್‌ಐಪಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರ ಪುಸ್ತಕ ತೆರೆದು ನೋಡಿದರೆ ಪಿಎಫ್ ಇರುವುದೇ ಇಲ್ಲ. ಎಸ್‌ಐಪಿಗೆ ಎಸ್ಸೆಮ್ಮೆಸ್ ಬಂತು, ಅದಕ್ಕೆ ಖರ್ಚಾಯ್ತು. ಪಿಎಫ್ ಬ್ಯಾಂಕಿಗೆ ಬರುವ ಮುಂಚೆಯೇ ಸಂಬಳದಲ್ಲಿ ಕಳೆದುಹೋಗುತ್ತೆ, ಬ್ಯಾಂಕು ಸುದ್ದಿ ಎತ್ತಲ್ಲ, ಆ್ಯಪ್‌ಗೆ ಅದು ಹುಟ್ಟೇ ಇಲ್ಲ. ಎಷ್ಟೋ ಜನರಿಗೆ ಅದೇ ಎಲ್ಲಕ್ಕಿಂತ ದೊಡ್ಡ ಹೂಡಿಕೆ!

ಸಂಬಳ ಬರೆಯುವಾಗ ಬ್ಯಾಂಕಿಗೆ ಬಂದ ಮೊತ್ತ ಬರೆಯದೆ, ಪೇಸ್ಲಿಪ್ ಎದುರಿಗಿಟ್ಟುಕೊಂಡು ಮೇಲಿನ ಪೂರ್ತಿ ಮೊತ್ತದಿಂದ ಶುರು ಮಾಡಿ. ಬೇಸಿಕ್ 30,000 ಇದ್ದು ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುತ್ತಿದ್ದರೆ ನಿಮ್ಮ ಪಾಲು ಶೇ. 12, ಅಂದರೆ 3,600. ಕಂಪನಿಯ ಪಾಲೂ 3,600, ಆದರೆ ನೀವು ಪಿಂಚಣಿ ಯೋಜನೆಯಲ್ಲಿದ್ದರೆ ಅದರಲ್ಲಿ 1,250 ಆ ಕಡೆ ಹೋಗಿ 2,350 ಪಿಎಫ್‌ಗೆ ಸೇರುತ್ತೆ. ಪುಸ್ತಕದಲ್ಲಿ ಪಿಎಫ್ ಖಾತೆ ಏರಬೇಕಾದದ್ದು 5,950. ಪಾಸ್‌ಬುಕ್ಕಿನ ಕೊನೇ ಕಾಲಂನಲ್ಲಿ ಕಾಣುವ ಪಿಂಚಣಿ ದುಡ್ಡನ್ನು ಆಸ್ತಿಗೆ ಸೇರಿಸಬೇಡಿ. ಅದಕ್ಕೆ ಬಡ್ಡಿ ಬೆಳೆಯುವುದಿಲ್ಲ, ಹತ್ತು ವರ್ಷ ಸೇವೆ ಆದ ಮೇಲೆ ಅದು ಪಿಂಚಣಿಯ ಹಕ್ಕು, ಕೈಗೆ ಬರುವ ಗಂಟಲ್ಲ.

ಪಿಎಫ್ ಬಡ್ಡಿ ತಿಂಗಳ ಬಾಕಿಯ ಮೇಲೆ ಲೆಕ್ಕವಾದರೂ ಖಾತೆಗೆ ಬೀಳುವುದು ವರ್ಷಕ್ಕೊಮ್ಮೆ, 2024-25ಕ್ಕೆ ಶೇ. 8.25 ಕೊಟ್ಟರು. ಪಾಸ್‌ಬುಕ್ಕಿನಲ್ಲಿ ಅದು ಕಂಡ ದಿನ ಆದಾಯ ಅಂತ ಒಂದು ಸಾಲು ಬರೆಯಿರಿ. ಹಳೇ ಕಂಪನಿಯ ಪಿಎಫ್ ಹೊಸದಕ್ಕೆ ವರ್ಗಾಯಿಸಿದರೆ ಅದನ್ನೂ ವರ್ಗಾವಣೆ ಅಂತಲೇ ಬರೆಯಬೇಕು. ಯಾವ ಖರ್ಚಿಗೆ ಹಾಕಲಿ ಅಂತ ದಯವಿಟ್ಟು ಕೇಳಬೇಡಿ.