ಪದ ಪರಿಚಯ: ಆಂತರಿಕ ದೂರು ಸಮಿತಿ

ಕ್ಯಾಂಪಸ್ಸಿನಲ್ಲಿ ಎಲ್ಲರೂ ‘ಐಸಿಸಿ’ (ಇಂಟರ್ನಲ್ ಕಂಪ್ಲೇಂಟ್ಸ್ ಕಮಿಟಿ) ಎನ್ನುವುದು ಇದನ್ನೇ. ‘ಆಂತರಿಕ’ ಎಂದೊಡನೆ ಬಹಳ ಮಂದಿ ‘ಒಳಗಿನ ಮಾತು ಒಳಗೇ ಮುಗಿಯಲಿ’ ಎಂದು ತಿಳಿಯುತ್ತಾರೆ. ದೂರು ಹಿಡಿದು ಬಂದ ಹುಡುಗಿಗೆ ‘ಕಾಲೇಜಿನ ಹೆಸರು ಕೆಡುತ್ತಮ್ಮ, ಕೂತು ಮಾತಾಡಿ ಬಗೆಹರಿಸೋಣ’ ಎನ್ನುವ ದೊಡ್ಡವರು ಈ ತಪ್ಪು ಅರ್ಥವನ್ನೇ ನೆಚ್ಚಿಕೊಂಡಿರುತ್ತಾರೆ. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಸಂಸ್ಥೆಯೊಳಗೇ ಇರಬೇಕು ಎಂಬುದಷ್ಟೇ ಆ ಪದದ ಅರ್ಥ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರವನ್ನು, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಈ ಸಮಿತಿಗೆ ಕೊಟ್ಟಿದೆ.

ವಿಶ್ವವಿದ್ಯಾಲಯಗಳಲ್ಲಿ ಸಮಿತಿ ಹೇಗಿರಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2015ರ ನಿಯಮಾವಳಿ ಹೇಳುತ್ತದೆ. ಅಧ್ಯಕ್ಷತೆ ಹಿರಿಯ ಅಧ್ಯಾಪಕಿಯದು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ನೌಕರರು, ಹೊರಗಿನ ಸ್ವಯಂಸೇವಾ ಸಂಸ್ಥೆಯ ಒಬ್ಬರು ಇರುತ್ತಾರೆ. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಸೇರುತ್ತಾರೆ. ಅರ್ಧದಷ್ಟಾದರೂ ಮಹಿಳೆಯರಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ಇದು ಬಹಳ ಮುಖ್ಯ: ಇಂಟರ್ನಲ್ಸ್ ಅಂಕ, ಪಿಎಚ್‌ಡಿ ಸಹಿ ಯಾರ ಕೈಯಲ್ಲಿದೆಯೋ ಅವರ ಎದುರು ಯಾರೂ ಬಾಯಿ ಬಿಡಲಾರರು.

ಘಟನೆ ನಡೆದು ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಕಿರುಕುಳ ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲಾಗದಿದ್ದರೆ ಬರೆಸಿಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ.

ದೂರು ಸೋಲುವುದು ಹೆಚ್ಚಾಗಿ ಬರವಣಿಗೆಯಲ್ಲಿ. ‘ಸರ್ ಅಸಭ್ಯವಾಗಿ ವರ್ತಿಸಿದರು’ ಎಂಬ ಒಂದು ಸಾಲಿನಿಂದ ವಿಚಾರಣೆ ಮುಂದೆ ಹೋಗದು. ಯಾವ ದಿನ, ಎಷ್ಟು ಗಂಟೆ, ಲ್ಯಾಬೋ ಸ್ಟಾಫ್ ರೂಮೋ, ಬಾಗಿಲು ಹಾಕಿತ್ತೋ, ಆಡಿದ ಮಾತು ಏನು, ಆಮೇಲೆ ಮೊದಲು ಯಾರಿಗೆ ಹೇಳಿಕೊಂಡಿರಿ, ಎಲ್ಲ ಬರಲಿ. ಮಾತು ಎಷ್ಟೇ ಹೊಲಸಾಗಿದ್ದರೂ ಇದ್ದ ಹಾಗೇ ಬರೆಯಿರಿ. ವಾಟ್ಸಾಪ್ ಚಾಟ್ ಅಳಿಸಬೇಡಿ. ನಂಬರ್, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಾಯ್ದೆಯಡಿಯ ನಿಯಮ ಕೇಳುವುದು ಆರು ಪ್ರತಿ. ಏಳನೆಯದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆ ತಾರೀಖಿಲ್ಲದಿದ್ದರೆ ಮುಂದಿನ ಗಡುವು ಯಾವುದನ್ನೂ ಕೇಳಲಾಗದು.

ಏಕೆಂದರೆ ದೂರಿನ ಪ್ರತಿ 7 ದಿನದಲ್ಲಿ ಎದುರಿನವರಿಗೆ ತಲುಪಬೇಕು, ಅವರ ಉತ್ತರ 10 ದಿನದಲ್ಲಿ ಬರಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವರದಿಗೆ ಮತ್ತೆ 10 ದಿನ. ಯಾರೂ ಮೇಲ್ಮನವಿ ಸಲ್ಲಿಸದಿದ್ದರೆ, ವರದಿ ತಲುಪಿದ 30 ದಿನದೊಳಗೆ ಆಡಳಿತ ಕ್ರಮ ಕೈಗೊಳ್ಳಬೇಕು. ಅಷ್ಟರವರೆಗೆ ಆರೋಪಿ ನಿಮ್ಮ ಉತ್ತರಪತ್ರಿಕೆ ತಿದ್ದದಂತೆ, ನಿಮ್ಮ ಕೆಲಸಕ್ಕೆ ವರದಿ ಬರೆಯದಂತೆ ತಡೆ ಕೇಳಬಹುದು. ಅದನ್ನು ಮೊದಲ ದೂರಿನಲ್ಲೇ ಕೇಳಿ. ರಾಜಿ ನಿಮ್ಮ ಇಚ್ಛೆಯಿಂದ ಮಾತ್ರ, ಅದರಲ್ಲಿ ದುಡ್ಡಿನ ವ್ಯವಹಾರ ಕೂಡದು. ಆರೋಪ ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರು ಎನಿಸುವುದಿಲ್ಲ.

ಸಮಿತಿಗೆ ಹೋದವರು ಪೊಲೀಸರ ಬಳಿಗೂ ಹೋಗಬಹುದು. ಎರಡೂ ಒಟ್ಟಿಗೇ ನಡೆಯುತ್ತವೆ. ಮೈಮೇಲೆ ಹಲ್ಲೆ, ಅತ್ಯಾಚಾರವಾಗಿದ್ದರೆ ಸಮಿತಿಯ ಸಭೆಗೆ ಕಾಯಬೇಡಿ. 112ಕ್ಕೆ ಕರೆ ಮಾಡಿ, ಆದಷ್ಟು ಸ್ನಾನ ಮಾಡದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಹೋಗಿ. ಅತ್ಯಾಚಾರಕ್ಕೊಳಗಾದವರಿಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು.