ಸೆನ್ಸರ್ ಬದಲಿಸುವ ಮೊದಲು ತಂತಿ ನೋಡಿ

ಮಳೆಗಾಲ ಹಿಡಿಯಿತೆಂದರೆ ಕುಮಟಾದಿಂದ ಶಿರಸಿಯವರೆಗೆ, ಮನೆಯಲ್ಲಿ ಕಂಪ್ಯೂಟರಿನ ಆಜ್ಞೆಯಂತೆ ಕೆತ್ತುವ ಸಿಎನ್‌ಸಿ ಯಂತ್ರ ಇಟ್ಟುಕೊಂಡವರ ಫೋನು ಶುರುವಾಗುತ್ತದೆ. "ಸೆನ್ಸರ್ ಹೋಗಿದೆ. ಹೊಸದು ತರಿಸಿಟ್ಟಿದ್ದೇನೆ, ಬಂದು ಹಾಕಿಕೊಡಿ." ತರಿಸುವ ಮೊದಲು ಕೇಳಿದ್ದರೆ ದುಡ್ಡಾದರೂ ಉಳಿಯುತ್ತಿತ್ತು. ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಹಳೆಯದು ಗಟ್ಟಿಮುಟ್ಟಾಗಿಯೇ ಇರುತ್ತದೆ.

ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಜಿಆರ್‌ಬಿಎಲ್ ಎಂಬ ನಿಯಂತ್ರಕ ತಂತ್ರಾಂಶ 'ಅಲಾರಂ 1' ಎಂದು ತೋರಿಸಿದರೆ ಅದು ಹೇಳುವುದು ಇಷ್ಟೇ: ಯಂತ್ರ ಓಡುವ ದಾರಿಯ ತುದಿಯನ್ನು ತಿಳಿಸುವ ಲಿಮಿಟ್ ಸ್ವಿಚ್ಚಿನ (ಜನ ಸೆನ್ಸರ್ ಎನ್ನುವುದು ಇದನ್ನೇ) ಕಡೆಯಿಂದ ಸಂಕೇತ ಬಂತು. ಆ ಸಂಕೇತ ಸ್ವಿಚ್ಚಿನಿಂದ ಬಂತೋ, ದಾರಿಯಲ್ಲಿ ತುಂಡಾದ ತಂತಿಯಿಂದ ಬಂತೋ, ಪಕ್ಕದ ಮೋಟಾರಿನ ವಿದ್ಯುತ್ ಗದ್ದಲದಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಇದನ್ನು ನಾನು ಎಷ್ಟು ಹೇಳಿದರೂ ಜನ ಕೇಳಿಸಿಕೊಳ್ಳುವುದು 'ಸೆನ್ಸರ್' ಎಂಬ ಒಂದೇ ಪದವನ್ನು.

ಮತ್ತೊಮ್ಮೆ ಹೇಳುತ್ತೇನೆ. ಒಳ್ಳೆಯ ಜೋಡಣೆಯಲ್ಲಿ ಲಿಮಿಟ್ ಸ್ವಿಚ್ಚಿನ ವಿದ್ಯುತ್ ಮಂಡಲ ಸದಾ ಮುಚ್ಚಿರುತ್ತದೆ, ಒತ್ತಿದಾಗ ಮಾತ್ರ ತೆರೆಯುತ್ತದೆ. ಹಾಗಿರುವಾಗ ತಂತಿ ಕಡಿದರೂ, ಕನೆಕ್ಟರ್ ಸಡಿಲಾದರೂ ಮಂಡಲ ತೆರೆದಂತೆಯೇ. ಯಂತ್ರ ತುದಿ ಮುಟ್ಟಿದೆ ಎಂದುಕೊಂಡು ನಿಲ್ಲುತ್ತದೆ. ನಿಂತಿದ್ದು ಒಳ್ಳೆಯದೇ ಆಯಿತು, ಅದಕ್ಕಾಗಿಯೇ ಹಾಗೆ ಜೋಡಿಸುವುದು. 'ಅಲಾರಂ 9' ಬೇರೆ ವಿಷಯ. ಹೋಮಿಂಗ್‌ನಲ್ಲಿ, ಅಂದರೆ ಯಂತ್ರ ತನ್ನ ಶುರುವಿನ ಜಾಗ ಗುರುತಿಸಿಕೊಳ್ಳುವಾಗ, ಸ್ವಿಚ್ಚನ್ನು ಹುಡುಕಿದೆ, ಸಿಗಲಿಲ್ಲ ಎಂದು ಅದರ ಅರ್ಥ. ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ.

ಶಿರಸಿಯಲ್ಲಿ ಒಬ್ಬ ಹಿರಿಯ ಗುಡಿಗಾರರ ಮನೆಗೆ ಹೋಗಿದ್ದೆ. ಮಗ ಸಾಗುವಾನಿ ಹಲಗೆಯ ಮೇಲೆ ನವಿಲು ಕೆತ್ತುತ್ತಿದ್ದ. ಬಲಗಡೆಯ ಗರಿಗಳ ಹತ್ತಿರ ಬಂದಾಗಲೆಲ್ಲ ಯಂತ್ರ ನಿಲ್ಲುತ್ತಿತ್ತು. ಮಗ ವಿನ್ಯಾಸದ ಕಡತವನ್ನು ಬದಲಿಸಿದ್ದ, ಸ್ವಿಚ್ಚನ್ನೂ ಬದಲಿಸಿದ್ದ. ಉಳಿಯನ್ನು ಬಿಟ್ಟು ಬೇರೇನನ್ನೂ ನಂಬದ ತಂದೆ ಮೂಲೆಯಲ್ಲಿ ಕುಳಿತು, "ಎಡಕ್ಕೆ ಹೋದಾಗ ಸುಮ್ಮನಿರುತ್ತದೆ, ಬಲಕ್ಕೆ ಹೋದರೆ ಮಾತ್ರ ಹಟ ಮಾಡುತ್ತದೆ, ನೋಡಿ ತಮ್ಮಾ" ಎಂದರು. ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ತಂತಿಗಳು ಮಡಚಿಕೊಂಡು ಓಡುವ ಪ್ಲಾಸ್ಟಿಕ್ ಸರಪಳಿಯನ್ನು ಬಿಚ್ಚಿ ಬೆರಳಿನಲ್ಲಿ ಹಿಸುಕುತ್ತ ಹೋದೆ. ಒಂದು ಕಡೆ ಹೊದಿಕೆ ಸರಿಯಾಗಿಯೇ ಇತ್ತು, ಒಳಗಿನ ತಾಮ್ರದ ಎಳೆಗಳು ಮಾತ್ರ ಮುರಿದಿದ್ದವು. ಬಲಕ್ಕೆ ಬಾಗಿದಾಗ ತುದಿಗಳು ಬಿಟ್ಟುಕೊಳ್ಳುತ್ತಿದ್ದವು.

ಕರಾವಳಿಯಲ್ಲಿ ಇನ್ನೊಂದು ತಾಪತ್ರಯ ಉಂಟು. ಕಾರವಾರದ ಉಪ್ಪುಗಾಳಿಗೆ ಟರ್ಮಿನಲ್‌ಗಳ ಮೇಲೆ ಹಸಿರು ಕಿಲುಬು ಹತ್ತುತ್ತದೆ, ಮರದ ಹುಡಿ ತೇವ ಹೀರಿ ಅದರ ಮೇಲೆ ಅಂಟುತ್ತದೆ. ಬೆಳಕಿನ ಸೆನ್ಸರ್‌ಗಳ ಸೀಳಿನಲ್ಲಂತೂ ಆ ಹುಡಿಯೇ ಪರದೆಯಾಗಿ ನಿಲ್ಲುತ್ತದೆ. ಕಂಪ್ರೆಸರ್‌ನಿಂದ ಊದಿ ಸರಿಮಾಡಲು ಹೋಗುವವರು ಮೊದಲು ಟ್ಯಾಂಕಿನ ತಳದ ನೀರನ್ನು ಬಿಡಲಿ. ಇಲ್ಲದಿದ್ದರೆ ಹುಡಿಯ ಜೊತೆಗೆ ನೀರನ್ನೂ ಒಳಗೆ ಹೊಡೆದಂತಾಗುತ್ತದೆ. ಮೆತ್ತನೆಯ ಕುಂಚ ಸಾಕು.

ಲೋಹವನ್ನು ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ಆಗಿದ್ದರೆ ಪರೀಕ್ಷೆ ಸುಲಭ. ಸ್ಪಿಂಡಲ್ (ಕೆತ್ತುವ ಉಳಿಯನ್ನು ತಿರುಗಿಸುವ ಮೋಟಾರು) ನಿಲ್ಲಿಸಿ, ಕಬ್ಬಿಣದ ಸ್ಪ್ಯಾನರ್ ಒಂದನ್ನು ಅದರ ಮುಂದೆ ಹಿಡಿಯಿರಿ. ಹಿಂಬದಿಯ ಪುಟ್ಟ ದೀಪ ಬದಲಾದರೆ ಸೆನ್ಸರ್ ಬಹುತೇಕ ಜೀವಂತವಾಗಿದೆ (ಕೆಲವು ಬಗೆಯಲ್ಲಿ ಹತ್ತಬೇಕಾದ್ದು ಆರುತ್ತದೆ). ಅಲ್ಯುಮಿನಿಯಂ ಹಿಡಿದರೆ ಇನ್ನೂ ಹತ್ತಿರ ತರಬೇಕು. ಆಮೇಲೆ ಕಂಪ್ಯೂಟರಿನಿಂದ ಪ್ರಶ್ನಾರ್ಥಕ ಚಿಹ್ನೆ ಕಳಿಸಿ. ಉತ್ತರದಲ್ಲಿ 'ಪಿಎನ್' ಎಂಬುದರ ಮುಂದೆ ಆ ಅಕ್ಷದ ಹೆಸರು (ಎಕ್ಸ್, ವೈ ಇಲ್ಲವೇ ಝಡ್) ಬಂದು ಹೋಗುತ್ತಿದೆಯೇ ನೋಡಿ. ದೀಪ ಬದಲಾಗಿ ಅಕ್ಷರ ಬದಲಾಗದಿದ್ದರೆ ದೋಷ ಹೆಚ್ಚಾಗಿ ತಂತಿ, ಕನೆಕ್ಟರ್ ಇಲ್ಲವೇ ಬೋರ್ಡಿನದು. ಸ್ಪಿಂಡಲ್ ಓಡುವಾಗ ಮಾತ್ರ ಅಲಾರಂ ಬಂದರೆ ಸೆನ್ಸರ್ ತಂತಿಯನ್ನು ಸ್ಪಿಂಡಲ್ ತಂತಿಯಿಂದ ದೂರ ಎಳೆಯಿರಿ, ಕವಚವಿರುವ ಕೇಬಲ್ ಹಾಕಿ.

ಅಲಾರಂ ಕಾಟ ತಾಳದೆ ತುದಿ ಮುಟ್ಟಿದಾಗ ಯಂತ್ರವನ್ನು ನಿಲ್ಲಿಸುವ ಹಾರ್ಡ್ ಲಿಮಿಟ್ ಸೆಟ್ಟಿಂಗನ್ನೇ ಸೊನ್ನೆ ಮಾಡಿ ಕೆಲಸ ಸಾಗಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಇನ್ನು ಸ್ಪಿಂಡಲ್‌ನ ವೇಗ ನಿಯಂತ್ರಿಸುವ ವಿಎಫ್‌ಡಿ ಪೆಟ್ಟಿಗೆಯನ್ನು ನೀವು ತೆರೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಆ ಒಂದು ಕೆಲಸಕ್ಕೆ ನನ್ನನ್ನು ಎಷ್ಟು ಹೊತ್ತಿಗೆ ಕರೆದರೂ ಬರುತ್ತೇನೆ.