ಅಲೆಗ್ರೆಟ್ಟೊ ಎಂದರೆ ಎಷ್ಟು ವೇಗ?

ಜರ್ಮನ್ ರಚನಕಾರ ಬೀಥೋವನ್ ವಾದ್ಯವೃಂದಕ್ಕೆ ಬರೆದ ಏಳನೇ ಸಿಂಫನಿಯ ಧ್ವನಿಮುದ್ರಿಕೆಯನ್ನು ಮೊಬೈಲಿನಲ್ಲಿ ತೆರೆದರೆ, ಶೀರ್ಷಿಕೆ ಇರಬೇಕಾದ ಜಾಗದಲ್ಲಿ ‘ಸಿಂಫನಿ ನಂ. 7, ಎ ಮೇಜರ್, ಓಪಸ್ 92 – 2. ಅಲೆಗ್ರೆಟ್ಟೊ’ ಎಂಬ ಸಾಲು ಕಾಣುತ್ತದೆ. ಕ್ರಮಸಂಖ್ಯೆ, ಶ್ರುತಿ, ಕೃತಿಸಂಖ್ಯೆ, ಎಷ್ಟನೆಯ ಭಾಗ, ಯಾವ ವೇಗ; ಇಷ್ಟೇ. ಭಾವದ ಬಗ್ಗೆ ಒಂದು ಅಕ್ಷರವೂ ಇಲ್ಲ. ಆದರೂ ಈ ಎರಡನೆಯ ಭಾಗವನ್ನು ಶವಯಾತ್ರೆಯ ಸಂಗೀತ ಎಂದು ವರ್ಣಿಸುವವರಿಗೆ ಬರವಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ವೇಗದ ಮಾತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕಾಲಪ್ರಮಾಣವನ್ನು ಇಟಾಲಿಯನ್ ಪದಗಳಲ್ಲಿ ಬರೆಯುವುದು ರೂಢಿ. ಅಡಾಜಿಯೊ ನಿಧಾನದ್ದು, ಅಂಡಾಂಟೆ ನಡಿಗೆಯದ್ದು, ಅಲೆಗ್ರೊ ಚುರುಕಿನದ್ದು. ಅಲೆಗ್ರೊಗಿಂತ ಒಂದು ಮೆಟ್ಟಿಲು ಕೆಳಗೆ ಅಲೆಗ್ರೆಟ್ಟೊ. ಸಿಂಫನಿಯ ನಾಲ್ಕು ಭಾಗಗಳಲ್ಲಿ ಎರಡನೆಯದು ಸಾಮಾನ್ಯವಾಗಿ ವಿಳಂಬದ್ದಾಗಿರುತ್ತದೆ. ಏಳನೆಯದರಲ್ಲಿ ಬೀಥೋವನ್ ಆ ಜಾಗಕ್ಕೆ ಅಲೆಗ್ರೆಟ್ಟೊ ತಂದಿಟ್ಟ. ಅಂದರೆ ನಿಜವಾದ ವಿಳಂಬ ಭಾಗ ಈ ಸಿಂಫನಿಯಲ್ಲಿ ಇಲ್ಲವೇ ಇಲ್ಲ. ಹಳೆಯ ರೂಢಿಗೆ ಒಗ್ಗಿದ ಕಿವಿ ಮಾತ್ರ ಅದನ್ನು ಅಲ್ಲಿ ಹುಡುಕುತ್ತಲೇ ಇರುತ್ತದೆ.

ಪದಗಳನ್ನು ಹೇಗೆ ಬೇಕಾದರೂ ಎಳೆಯಬಹುದು, ಸಂಖ್ಯೆಯನ್ನು ಎಳೆಯುವುದು ಕಷ್ಟ. ಮೆಲ್ಟ್ಸೆಲ್ ಎಂಬಾತ ಮೆಟ್ರೊನೋಮಿಗೆ, ಅಂದರೆ ನಿಮಿಷಕ್ಕೆ ಇಷ್ಟು ಎಂದು ಎಣಿಕೆ ತಟ್ಟುವ ಯಂತ್ರಕ್ಕೆ, ಪೇಟೆಂಟ್ ಪಡೆದದ್ದು 1815ರಲ್ಲಿ. 1817ರಲ್ಲಿ ಬೀಥೋವನ್ ಅದುವರೆಗಿನ ತನ್ನ ಎಂಟೂ ಸಿಂಫನಿಗಳಿಗೆ ಮೆಟ್ರೊನೋಮ್ ಅಂಕಿಗಳನ್ನು ಪ್ರಕಟಿಸಿದ. ಈ ಭಾಗಕ್ಕೆ ಅವನು ಕೊಟ್ಟದ್ದು ನಿಮಿಷಕ್ಕೆ 76 ಎಣಿಕೆ. ಸ್ವರಲಿಪಿಯಲ್ಲಿ ಎರಡೆರಡು ಎಣಿಕೆಯ 278 ಆವರ್ತಗಳಿವೆ; ಲೆಕ್ಕ ಹಾಕಿದರೆ ಏಳು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಒಂಬತ್ತು ನಿಮಿಷ ದಾಟುವ ಧ್ವನಿಮುದ್ರಿಕೆಗಳು ಬೇಕಾದಷ್ಟಿವೆ. ಬೀಥೋವನ್‌ನ ಮೆಟ್ರೊನೋಮೇ ಕೆಟ್ಟಿತ್ತು ಎಂದು ವಾದಿಸುವವರೂ ಇದ್ದಾರೆ. ಇರಲಿ. 76 ಎಣಿಕೆ ಓಟವೇನೂ ಅಲ್ಲ. ತಾಳ ಹಾಕಿ ನೋಡಿ, ಆರಾಮವಾಗಿ ಕೈಗೆ ಸಿಗುತ್ತದೆ.

ಇನ್ನು ಶ್ರುತಿ. ನಮ್ಮಲ್ಲಿ ಗಾಯಕಿ ಐದು ಮನೆಗೆ, ಗಾಯಕ ಒಂದು ಮನೆಗೆ ಹಾಡಿದರೂ ಶಂಕರಾಭರಣ ಶಂಕರಾಭರಣವೇ. ಷಡ್ಜ ಎಲ್ಲಿರಬೇಕೆಂಬುದು ಕಂಠಕ್ಕೆ ಬಿಟ್ಟದ್ದು. ಸಿಂಫನಿಯಲ್ಲಿ ಅದನ್ನು ತೀರ್ಮಾನಿಸುವವನು ರಚನಕಾರ. ‘ಎ’ ಎಂಬುದು ಷಡ್ಜ ಎಲ್ಲಿದೆ ಎಂದು ಹೇಳುತ್ತದೆ. ಮೇಜರ್ ಎಂದರೆ ಶಂಕರಾಭರಣದ ಸ್ವರಗಳು, ಮೈನರ್ ಎಂದರೆ ನಠಭೈರವಿಯವು, ನಿಷಾದ ಮೇಲೇರಿದಾಗ ಕೀರವಾಣಿಯವು. ಸ್ವರಸ್ಥಾನಗಳ ಮಟ್ಟಿಗೆ ಮಾತ್ರ ಈ ಹೋಲಿಕೆ, ಗಮಕಗಳನ್ನು ಅಲ್ಲಿ ಹುಡುಕಬಾರದು. ಎ ಮೇಜರ್ ಆಯ್ಕೆಗೆ ವಾದ್ಯಗಳ ಕಡೆಯಿಂದಲೂ ಬೆಂಬಲವಿದೆ. ಪಿಟೀಲಿನ ಖಾಲಿ ತಂತಿಗಳಲ್ಲಿ ಎ, ಇ, ಡಿ ಮೂರೂ ಈ ಶ್ರುತಿಗೆ ಸಲ್ಲುವುದರಿಂದ ನಾದ ತೆರೆದುಕೊಳ್ಳುತ್ತದೆ. ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯಗಳು ಬಹಳ ಎತ್ತರದಲ್ಲಿ ಕೂಗಬೇಕಾಗುತ್ತದೆ, ಮೊದಲ ಭಾಗದ ಹೊಳಪು ಬಹುಪಾಲು ಅಲ್ಲಿಂದ ಬಂದದ್ದು. ಅಂದಹಾಗೆ, ಈ ‘ಎ’ ಕೂಡ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಇಂದಿನ ವಾದ್ಯವೃಂದಗಳಲ್ಲಿ ಅದು ಸೆಕೆಂಡಿಗೆ 440 ಕಂಪನದ ಸುತ್ತಮುತ್ತ. ಬೀಥೋವನ್ ಕಾಲದ ವಾದ್ಯಗಳನ್ನು ನುಡಿಸುವ ತಂಡಗಳು ಸಾಮಾನ್ಯವಾಗಿ 430ರ ಹತ್ತಿರ ಇಳಿಸಿಕೊಳ್ಳುತ್ತವೆ.

ಶೀರ್ಷಿಕೆ ಮುಚ್ಚಿಡುವ ಸಂಗತಿಯೊಂದಿದೆ. ಎ ಮೇಜರ್ ಇಡೀ ಸಿಂಫನಿಯ ಶ್ರುತಿ, ಎಲ್ಲ ಭಾಗಗಳದ್ದಲ್ಲ. ಅಲೆಗ್ರೆಟ್ಟೊ ಇರುವುದು ಎ ಮೈನರಿನಲ್ಲಿ. ಗಾಳಿವಾದ್ಯಗಳ ಒಂದು ಸ್ವರಮೇಳ ಜೋರಾಗಿ ಹುಟ್ಟಿ ಕ್ಷೀಣಿಸುತ್ತದೆ. ಅದರ ತಳದಲ್ಲಿ ಷಡ್ಜದ ಬದಲು ಪಂಚಮ ಇರುವುದರಿಂದ ಕಾಲು ನೆಲಕ್ಕೆ ತಾಗಿದಂತಾಗುವುದಿಲ್ಲ. ಆಮೇಲೆ ಪಿಟೀಲಿಗಿಂತ ತಗ್ಗಿನ ತಂತಿವಾದ್ಯಗಳಾದ ವಿಯೋಲ, ಚೆಲ್ಲೊ, ಡಬಲ್ ಬಾಸ್‌ಗಳು ಕೆಳದನಿಯಲ್ಲಿ ಶುರುಮಾಡುತ್ತವೆ. ಪಿಟೀಲುಗಳು ಸುಮ್ಮನಿರುತ್ತವೆ.

ಆ ಲಯ ಕನ್ನಡ ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ಕೂಡಲೇ ಸಿಗುವಂಥದ್ದು: ಗುರು ಲಘು ಲಘು, ಗುರು ಗುರು. ಮೊದಲು ಭಗಣ, ಬೆನ್ನಿಗೆ ಎರಡು ಗುರು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು ಎಂಬ ನಮ್ಮ ಲೆಕ್ಕ ಇಲ್ಲಿ ಕೂದಲೆಳೆಯೂ ತಪ್ಪುವುದಿಲ್ಲ. ಆವರ್ತಕ್ಕೆ ನಾಲ್ಕು ಮಾತ್ರೆ, ಎರಡು ಆವರ್ತ ಸೇರಿ ಎಂಟು. ಕಂದಪದ್ಯದ ಎರಡು ಗಣಗಳು ಹೆಜ್ಜೆ ಹಾಕಿದಂತೆ. ಸ್ವರಸಾಲಿಗೆ ಹೆಚ್ಚು ಚಲನೆಯೇ ಇಲ್ಲ. ಮೊದಮೊದಲು ಒಂದೇ ಸ್ವರ ಮತ್ತೆ ಮತ್ತೆ ಬರುತ್ತದೆ. ಮುಂದಿನ ಸುತ್ತಿನಲ್ಲಿ ಎರಡನೆಯ ಗುಂಪಿನ ಪಿಟೀಲುಗಳು ಈ ಗಣಗಳನ್ನು ಎತ್ತಿಕೊಳ್ಳುತ್ತವೆ. ಆಗ ವಿಯೋಲ ಮತ್ತು ಚೆಲ್ಲೊ ಉದ್ದನೆಯ ಇನ್ನೊಂದು ಸ್ವರಸಾಲನ್ನು ಅದರ ಪಕ್ಕದಲ್ಲೇ ಎಳೆಯುತ್ತವೆ. ಮೊದಲ ಗುಂಪಿನ ಪಿಟೀಲುಗಳ ಸರದಿ ಎಲ್ಲಕ್ಕಿಂತ ಕೊನೆಗೆ. ನಡುವೆ ಗಾಳಿವಾದ್ಯಗಳಾದ ಕ್ಲಾರಿನೆಟ್ ಮತ್ತು ಬಸೂನ್ ಎ ಮೇಜರಿಗೆ ಹೊರಳಿದಾಗ ಬಿಸಿಲು ಬಂದಂತೆ ಅನಿಸಿದರೂ, ಕೆಳಗೆ ತಂತಿ ಮೀಟುತ್ತಿರುವ ಬಾಸ್‌ಗಳು ಅದೇ ಗುರು-ಲಘುಗಳನ್ನು ಬಿಡುವುದಿಲ್ಲ.

ಭಾವ ಹುಟ್ಟುವುದು ಇಲ್ಲಿ. ಮೈನರ್ ಎಂದರೆ ದುಃಖ, ಮೇಜರ್ ಎಂದರೆ ಸಂತೋಷ ಎಂಬ ಕೈಪಿಡಿ ಸೂತ್ರ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಶ್ರುತಿ ಒಂದು ಕಡೆಗೆ ಎಳೆಯುತ್ತದೆ, ವೇಗ ಇನ್ನೊಂದು ಕಡೆಗೆ. ನಿಮಿಷಕ್ಕೆ 55–60ಕ್ಕೆ ಇಳಿಸಿದರೆ ಕೊನೆಯ ಎರಡು ಗುರುಗಳು ಭಾರವಾಗಿ ನೆಲಕ್ಕೆ ಕುಸಿಯುತ್ತವೆ, ಶವಯಾತ್ರೆಯೇ ಕಣ್ಣಿಗೆ ಕಟ್ಟುತ್ತದೆ. 76ರ ಹತ್ತಿರ ಹಿಡಿದರೆ ದುಃಖ ಇರುತ್ತದೆ, ಆದರೆ ಅದು ನಿಲ್ಲದೆ ನಡೆಯುತ್ತಿರುತ್ತದೆ. ನನಗೆ ಎರಡನೆಯದೇ ಹೆಚ್ಚು ಕಾಡುವುದು. ಶೋಕದ ಪಕ್ಷದವರಿಗೂ ಒಂದು ಬಲವಾದ ಸಾಕ್ಷಿ ಇದೆ ಎನ್ನುವುದನ್ನು ಒಪ್ಪಬೇಕು. 1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ ಬೀಥೋವನ್ ತಾನೇ ನಿಂತು ನಡೆಸಿದ ಮೊದಲ ಪ್ರದರ್ಶನ ನೆಪೋಲಿಯನ್ ವಿರುದ್ಧದ ಹಾನಾವು ಕದನದಲ್ಲಿ ಗಾಯಗೊಂಡ ಸೈನಿಕರ ಸಹಾಯಾರ್ಥ ಏರ್ಪಟ್ಟಿತ್ತು, ಸಭೆ ಮತ್ತೊಮ್ಮೆ ಬೇಕೆಂದು ಕೇಳಿದ್ದು ಈ ಭಾಗವನ್ನೇ. ಆದರೆ ಸಭೆ ಯಾವ ಮನಸ್ಸಿನಿಂದ ಕೇಳಿತು ಎಂಬುದು ಬೇರೆ, ಸ್ವರಲಿಪಿಯಲ್ಲಿ ಏನು ಬರೆದಿದೆ ಎಂಬುದು ಬೇರೆ.

ಧ್ವನಿಮುದ್ರಿಕೆ ಆರಿಸುವಾಗ ಶೀರ್ಷಿಕೆಯ ಪಕ್ಕದಲ್ಲಿರುವ ನಿಮಿಷ-ಸೆಕೆಂಡುಗಳನ್ನು ಒಮ್ಮೆ ನೋಡಿ. ಅಲೆಗ್ರೆಟ್ಟೊ ಎಂದು ಎಲ್ಲರೂ ಅಚ್ಚು ಹಾಕಿಸುತ್ತಾರೆ, ವಾದ್ಯವೃಂದದ ನಿರ್ದೇಶಕ ಅದನ್ನು ಹೇಗೆ ಓದಿದ ಎಂದು ಹೇಳುವುದು ಆ ಅಂಕಿ. ಫುರ್ಟ್‌ವೆಂಗ್ಲರ್ ನಿಧಾನದ ಪರಂಪರೆಯವರು, ಹಳೆಯ ವಾದ್ಯಗಳ ಜಾನ್ ಎಲಿಯಟ್ ಗಾರ್ಡಿನರ್ ಮೆಟ್ರೊನೋಮಿನ ಕಡೆಯವರು. ಮೊದಲ ಸಲ ಕೇಳುವವರಿಗೆ ನಾನು ಹೇಳುವುದು 1970ರ ದಶಕದಲ್ಲಿ ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ ಮಾಡಿದ ಧ್ವನಿಮುದ್ರಿಕೆಯನ್ನು. ಅದಾದ ಮೇಲೆ ಫುರ್ಟ್‌ವೆಂಗ್ಲರ್ ಕೇಳಿ, ಜಗಳ ಯಾವುದರ ಬಗ್ಗೆ ಎಂದು ಮೊದಲ ಎಂಟು ಮಾತ್ರೆಗಳಲ್ಲೇ ತಿಳಿಯುತ್ತದೆ.